ಊಟಕ್ಕೆ ಮೊದಲಿನ ಚಪ್ಪಾಳೆ

ಅಲ್ಯುಮಿನಿಯಂ ಟ್ರೇಯ ಮೇಲಿನ ಹಾಳೆ ಸರಕ್ಕನೆ ಬಿಚ್ಚಿಕೊಂಡಾಗ ಒಮ್ಮೆಗೇ ಮೇಲೇಳುತ್ತದಲ್ಲ ಪುಳಿಯೋಗರೆಯ ವಾಸನೆ, ಅದು ಎಲ್ಲರಿಗೂ ಹಸಿವು ತರಿಸುತ್ತದೆ. ನನಗೆ ಸಿಟ್ಟು ತರಿಸುತ್ತದೆ. ಇಪ್ಪತ್ತು ವರ್ಷದ ಮೇಲಾಯಿತು, ಆ ಸಿಟ್ಟು ಒಂಚೂರೂ ಆರಿಲ್ಲ.

ಈ ಸಲದ ಯುಗಾದಿಯಲ್ಲೂ ಹಾಗೇ ಆಯಿತು. ನಾವು ಈಗ ಅಮೆರಿಕದ ಸ್ಯಾನ್ ಹೊಸೆಯ ಎವರ್‌ಗ್ರೀನಿನಲ್ಲಿದ್ದೇವೆ. ಮನೆಯ ಹತ್ತಿರದ ಶಾಲೆಯೊಂದರ ಹಾಲಿನಲ್ಲಿ ಕನ್ನಡ ಸಂಘದ ಹಬ್ಬ, ಹಬ್ಬದ ನಡುವೆ ವಾರ್ಷಿಕ ಸಭೆ. ವಾಲ್ನಟ್ ಕ್ರೀಕಿನಿಂದ ಬಂದಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಹುಡುಗಿ ಎಂದರೆ ಒಂದು ಮಗುವಿನ ತಾಯಿ, ನನ್ನ ವಯಸ್ಸಿಗೆ ಹುಡುಗಿ. "ಸರ್, ಒಂದು ಕ್ವೆಶ್ಚನ್ನು. ಕಮಿಟೀಲಿ ಈಸ್ಟ್ ಬೇ ಸೀಟಿಗೆ ಈಸ್ಟ್ ಬೇಯವರು ಮಾತ್ರ ಓಟು ಹಾಕೋ ಹಾಗೆ ಮಾಡೋಕಾಗಲ್ವಾ?" ಎಂದಳು. ಅವಳ ಮಾತು ಮುಗಿಯುವುದಕ್ಕೂ ಹಿಂದಿನ ಗೋಡೆಯ ಕಡೆ ಯಾರೋ ಟ್ರೇ ಬಿಚ್ಚುವುದಕ್ಕೂ ಸರಿಹೋಯಿತು. ವಾಸನೆ ಬಂತು. ಮುಂದೆ ಏನಾಗುತ್ತದೆಂದು ಆ ಹಾಲಿನಲ್ಲಿ ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಇನ್ನೊಬ್ಬರೇ ಇದ್ದರು, ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ನಾನು ಎದ್ದು ಟ್ರೇಗಳ ಕಡೆ ನಡೆದೆ. ಅಲ್ಲಿ ಹೋಗಿ ಏನು ಮಾಡಿದೆ ಎನ್ನುವುದಕ್ಕಿಂತ ಮೊದಲು ಆ ವರ್ಷದ ಮಾತು ಹೇಳಬೇಕು.

ಡಾಟ್‌ಕಾಮ್ ಹುಚ್ಚು ನೆತ್ತಿಗೇರಿದ್ದ ಕಾಲ. ನಾಯಿಯ ಬಿಸ್ಕತ್ತನ್ನು ಇಂಟರ್ನೆಟ್ಟಿನಲ್ಲಿ ಮಾರುತ್ತೇವೆಂದು ಹೊರಟ ಕಂಪನಿಗಳೂ ಫ್ರೀವೇ ಪಕ್ಕದಲ್ಲಿ ಆನೆಯಂಥ ಬೋರ್ಡು ಹಾಕುತ್ತಿದ್ದವು. ಕಂಪನಿಗಳೆಲ್ಲ ಇದ್ದ ಸೌತ್ ಬೇಯಲ್ಲಿ, ಅಂದರೆ ಕೊಲ್ಲಿಯ ದಕ್ಷಿಣಕ್ಕಿರುವ ಸ್ಯಾನ್ ಹೊಸೆ, ಸನಿವೇಲಿನ ಕಡೆ, ಅಪಾರ್ಟ್‌ಮೆಂಟೇ ಸಿಗುತ್ತಿರಲಿಲ್ಲ. ಅಲ್ಲಿ ಇಲ್ಲಿ ಅಲೆದು ಕೊನೆಗೆ ನಾವು ಸಿಕ್ಕ ಕಡೆ, ಅಂದರೆ ಕೊಲ್ಲಿಯ ಪೂರ್ವಕ್ಕೆ ಗುಡ್ಡದಾಚೆಯ ಈಸ್ಟ್ ಬೇಯಲ್ಲಿರುವ ವಾಲ್ನಟ್ ಕ್ರೀಕಿನಲ್ಲಿ, ಬಂದು ಬಿದ್ದೆವು. ನಮ್ಮ ಮನೆಯವರು, ಗುರುರಾಜ, ಸ್ಯಾಂಟಾ ಕ್ಲಾರಾದ ಒಂದು ಹೊಸ ಕಂಪನಿಯಲ್ಲಿ ಎಂಜಿನಿಯರು. ಬೆಳಕು ಹರಿಯುವ ಮೊದಲೇ ಕಾರು ಹತ್ತಿ ಹೋಗುತ್ತಿದ್ದರು. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಆ ಕಂಪನಿಯ ಕೈಯಲ್ಲಿತ್ತು. ಕಂಪನಿಯಲ್ಲಿ ಅದರ ಮೇಲೆ ಸಹಿ ಹಾಕುವ ಕೈ ಪ್ರಭಾಕರ್ ಎಂಬವರದು. ಬೆಂಗಳೂರಿನವರು, ದೊಡ್ಡ ಹುದ್ದೆ, ದೊಡ್ಡ ನಗು. ನಮ್ಮ ಸಂಘದ ಅಧ್ಯಕ್ಷರೂ ಅವರೇ.

ನಾನು ಧಾರವಾಡದಲ್ಲಿ ಇತಿಹಾಸ ಎಂ.ಎ. ಮಾಡಿ, ಕಾಲೇಜಿನಲ್ಲಿ ಪಾಠ ಹೇಳಿ ಬಂದವಳು. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದ ಪ್ರಕಾರ ಇಲ್ಲಿ ನಾನು ಗಂಡನ ಅವಲಂಬಿತೆ. ಓದಬಹುದು, ದುಡಿಯುವ ಹಾಗಿಲ್ಲ. ಮಗಳು ಅನಘಾ ಆಗಷ್ಟೇ ಶಾಲೆಗೆ ಸೇರಿದ್ದಳು. ಸೇರಿದ ಎರಡೇ ತಿಂಗಳಲ್ಲಿ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು ಶುರುವಾಯಿತು. ಗೋಡೆಯ ಜತೆ ಮಾತಾಡಿದರೆ ಕನಿಷ್ಠ ಗೋಡೆಯಾದರೂ ಇಂಗ್ಲಿಷು ಮಾತಾಡುವುದಿಲ್ಲ ಎಂದು ನಾನು ಅಳುತ್ತ ಅಂದದ್ದು ನೆನಪಿದೆ.

ಮೆಹರುನ್ನೀಸಾ ಟೀಚರ್ ಸಿಕ್ಕಿದ್ದು ನವೆಂಬರಿನ ಮೊದಲ ಮಳೆಯಲ್ಲಿ, ರೈಲು ನಿಲ್ದಾಣದ ಕೆಳಗಿನ ಬಸ್ ಸ್ಟಾಪಿನಲ್ಲಿ. ಆ ಸೀಮೆಯಲ್ಲಿ ಎಲ್ಲ ತಿರುಗುಮುರುಗು. ಬೇಸಿಗೆಯಲ್ಲಿ ಗುಡ್ಡ ಒಣಗಿ ಹುಲ್ಲೆಲ್ಲ ಗೋಧಿ ಬಣ್ಣ, ಚಳಿಗಾಲದಲ್ಲಿ ಮಳೆ ಬಂದು ಹಸಿರು. ಕೊಡೆ ಇಲ್ಲದೆ ನಿಂತಿದ್ದೆ. ಹಿಂದಿನಿಂದ ಹೆಣ್ಣುದನಿಯೊಂದು ಕೇಳಿತು: "ಬೂಟು ಒದ್ದೆ ಮಾಡ್ಕೊಂಡ್ಯೋ, ಮನೇಗ್ ಬಾ, ನಿಂಗಿದೆ ಇವತ್ತು!" ತಿರುಗಿ ನೋಡಿದರೆ ತಲೆಯ ಮೇಲೆ ನೀಲಿ ದುಪ್ಪಟ್ಟಾ ಹೊದ್ದ ಹೆಂಗಸು, ಜತೆಗೆ ಮಗ.

"ಕನ್ನಡದವ್ರೇನ್ರೀ ನೀವು?" ಅಂದೆ.

"ಆ 'ರೀ' ಕೇಳಿದ್ರೇ ಗೊತ್ತಾಗುತ್ತೆ, ನೀವು ಧಾರವಾಡ ಕಡೆಯೋರು. ನಾವು ಮೈಸೂರು ಕಣ್ರೀ, ಮಂಡಿ ಮೊಹಲ್ಲಾ. ಬನ್ನಿ, ಕೊಡೆ ಒಳಗೆ ಬನ್ನಿ ಮೊದ್ಲು."

ಮೈಸೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿದವರು. ಗಂಡ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದರು. ಭಾನುವಾರ ಬೆಳಿಗ್ಗೆ ವಾಲ್ನಟ್ ಕ್ರೀಕಿನ ಕಮ್ಯುನಿಟಿ ಸೆಂಟರಿನ ಒಂದು ಕೋಣೆಯಲ್ಲಿ ಟೀಚರ್ ಕನ್ನಡ ಶಾಲೆ ನಡೆಸುತ್ತಿದ್ದರು. ನೋಂದಾಯಿತ ಸಂಘದ ಹೆಸರಿದ್ದರೆ ಮಾತ್ರ ಕೋಣೆ ಕೊಡುತ್ತಿದ್ದರು. ಹಾಗಾಗಿ ಪ್ರತಿ ಜೂನಿನಲ್ಲೂ ನಮ್ಮ ಸಂಘದ ಕಮಿಟಿ ಒಂದು ಪತ್ರ ಕೊಡಬೇಕು. ಕೊಟ್ಟರೆ ಶಾಲೆ ಉಂಟು, ಇಲ್ಲದಿದ್ದರೆ ಇಲ್ಲ.

ಅನಘಾಳನ್ನು ಮುಂದಿನ ಭಾನುವಾರವೇ ಕರೆದೊಯ್ದೆ. ಟೀಚರ್ ಅಕ್ಷರ ಬರೆಸುತ್ತಿದ್ದುದು ಕೊನೆಯ ಅರ್ಧ ಗಂಟೆ ಮಾತ್ರ. ಅದಕ್ಕೂ ಮೊದಲು ಸಂತೆ. ಫಾರ್ಮರ್ಸ್ ಮಾರ್ಕೆಟ್ಟಿನಿಂದ ತಂದ ನಿಜವಾದ ಬದನೆಕಾಯಿ, ಮೂಲಂಗಿ, ನಿಂಬೆಹಣ್ಣುಗಳನ್ನು ಮೇಜುಗಳ ಮೇಲೆ ಹರಡಿ, ಅರ್ಧ ಮಕ್ಕಳು ಅಂಗಡಿಯವರು, ಅರ್ಧ ಮಕ್ಕಳು ಗಿರಾಕಿಗಳು. ಕನ್ನಡದಲ್ಲಿ ಕೇಳಿದರೆ ತರಕಾರಿ ಕೊಡಬೇಕು. ಇಂಗ್ಲಿಷಿನಲ್ಲಿ ಕೇಳಿದರೆ ಅಂಗಡಿಯವರು ಕೈ ಆಡಿಸಿ "ನಮ್ಮಲ್ಲಿ ಅದು ಸಿಗಲ್ಲ" ಎನ್ನಬೇಕು. ಅಷ್ಟೇ ನಿಯಮ. ನಾನು ಚೌಳಿಕಾಯಿ ಎಂದರೆ ಟೀಚರ್ ಗೋರಿಕಾಯಿ ಎನ್ನುತ್ತಿದ್ದರು. "ಎರಡೂ ಕಲೀಲಿ ಬಿಡಿ, ಎರಡು ಅಂಗಡಿ ಆಗುತ್ತೆ" ಎಂದು ನಗುತ್ತಿದ್ದರು. ಡಿಸೆಂಬರಿನ ಒಂದು ಭಾನುವಾರ ನನ್ನ ಮಗಳು ಸೊಂಟದ ಮೇಲೆ ಕೈ ಇಟ್ಟುಕೊಂಡು, ಒಂದು ಮೂಲಂಗಿ ಎತ್ತಿ ಹಿಡಿದು, "ಭಾಳ ಆತು, ಕಡಿಮಿ ಮಾಡ್ರಿ" ಎಂದಳು. ನನ್ನ ತಾಯಿಯ ದನಿ, ನನ್ನ ತಾಯಿಯ ಗತ್ತು. ನಾನು ಹೊರಗೆ ಹೋಗಿ ಓಕ್ ಮರದ ಕೆಳಗೆ ನಿಂತು ಅತ್ತೆ. ಈ ದೇಶಕ್ಕೆ ಬಂದ ಮೇಲೆ ಖುಷಿಗೆ ಅತ್ತದ್ದು ಅದೇ ಮೊದಲು.

ಹೊಸ ವರ್ಷದ ಗದ್ದಲ ಮುಗಿಯುತ್ತಿದ್ದಂತೆ ಸುದ್ದಿ ಬಂತು. ಸನಿವೇಲಿನಲ್ಲಿ ಒಂದೇ ದೊಡ್ಡ 'ಸೆಂಟ್ರಲ್' ಕನ್ನಡ ಶಾಲೆ ಮಾಡುತ್ತಾರಂತೆ, ಉಳಿದ ಸಣ್ಣಪುಟ್ಟ ತರಗತಿಗಳು ಬರುವ ಜೂನಿಗೆ ಬಂದ್. ವಾಲ್ನಟ್ ಕ್ರೀಕಿನಿಂದ ಸನಿವೇಲಿಗೆ ಭಾನುವಾರ ಬೆಳಿಗ್ಗೆ ಪುಟ್ಟ ಮಕ್ಕಳನ್ನು ಹೊತ್ತುಕೊಂಡು ಯಾರು ಹೋಗುತ್ತಾರೆ? ಕಮಿಟಿಯಲ್ಲಿ ಏಳು ಜನ, ಏಳೂ ಜನ ಸೌತ್ ಬೇಯವರು. ಸದಸ್ಯರಲ್ಲಿ ಅವರದೇ ದೊಡ್ಡ ಪಾಲು. ಚುನಾವಣೆಯಲ್ಲಿ ಪ್ರತಿಯೊಬ್ಬರೂ ಏಳೂ ಸ್ಥಾನಕ್ಕೆ ಓಟು ಹಾಕುವುದು. ಅವರು ಒಂದು ತಂಡ ಕಟ್ಟಿ ನಿಲ್ಲುತ್ತಿದ್ದರು, ತಂಡಕ್ಕೆ ತಂಡವೇ ಗೆಲ್ಲುತ್ತಿತ್ತು. ನಮ್ಮ ಕಡೆಯವರು ನಿಂತರೂ ಅಷ್ಟೇ, ಕೂತರೂ ಅಷ್ಟೇ.

"ನಾನು ಬೇಕಾದ್ರೆ ಅಲ್ಲಿಗೆ ಹೋಗಿ ಪಾಠ ಮಾಡ್ಬೋದು ಕಣ್ರೀ. ನನ್ನ ಮಕ್ಕಳು ಬರಲ್ಲವಲ್ಲ," ಎಂದರು ಟೀಚರ್. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

ಅದೇ ಹೊತ್ತಿಗೆ ನಾನು ಬಸ್ಸಿನಲ್ಲಿ ಕಮ್ಯುನಿಟಿ ಕಾಲೇಜಿಗೆ ಹೋಗಿ ಅಮೆರಿಕದ ಇತಿಹಾಸದ ತರಗತಿಯಲ್ಲಿ ಕೂರಲು ಶುರುಮಾಡಿದ್ದೆ. ಮನೆಯಲ್ಲಿ ಕೊಳೆಯುವುದಕ್ಕಿಂತ ವಾಸಿ ಎಂದು. ಮೇಷ್ಟ್ರು ಸದಾ ಕೆಂಪು ಸ್ವೆಟರು ಹಾಕುವ ಮುದುಕರು. ದೇಶ ಹೊಸದಾಗಿದ್ದಾಗ ಒಂದೊಂದು ರಾಜ್ಯ ಕಾಂಗ್ರೆಸ್ಸಿಗೆ, ಅಂದರೆ ಇಲ್ಲಿನ ಸಂಸತ್ತಿಗೆ, ತನ್ನ ಮೊದಲ ಪ್ರತಿನಿಧಿಗಳನ್ನು ಹೇಗೆ ಆರಿಸಿತು ಎಂದು ಬರೆದು ತರಲು ಹೇಳಿದರು. ಬೇಕಾದ ರಾಜ್ಯವನ್ನೆಲ್ಲ ಉಳಿದವರು ಹಿಡಿದುಕೊಂಡಿದ್ದರು. ನನಗೆ ಉಳಿದದ್ದು ಮೇರಿಲ್ಯಾಂಡು.

ಲೈಬ್ರರಿಯಲ್ಲಿ ಕೂತು ಓದುತ್ತ ಹೋದಂತೆ ಮೈ ಬಿಸಿಯಾಯಿತು. ನಮ್ಮ ಸಂಘದ ಕಥೆ ಇನ್ನೂರು ವರ್ಷದ ಹಿಂದೆಯೇ ಇಲ್ಲಿ ನಡೆದುಹೋಗಿತ್ತು! ಇಡೀ ರಾಜ್ಯವನ್ನು ಒಂದೇ ಕ್ಷೇತ್ರವೆಂದು ಹಿಡಿದು, ಎಲ್ಲರೂ ಎಲ್ಲ ಸ್ಥಾನಗಳಿಗೂ ಓಟು ಹಾಕುವುದು. ಅದಕ್ಕೆ 'ಅಟ್ ಲಾರ್ಜ್' ಎಂದು ಹೆಸರು. ಡೆಲವೇರಿನಂಥ ಪುಟ್ಟ ರಾಜ್ಯಕ್ಕೆ ಸಿಗುತ್ತಿದ್ದುದೇ ಒಬ್ಬ ಪ್ರತಿನಿಧಿ, ಅಲ್ಲಿ ಬೇರೆ ದಾರಿಯಿಲ್ಲ. ಆದರೆ ಹಲವು ಪ್ರತಿನಿಧಿಗಳಿದ್ದ ರಾಜ್ಯಗಳೂ ಹಾಗೆ ಮಾಡಿದವು, ಯಾಕೆಂದರೆ ಯಾರ ಕಡೆ ಜನ ಒಂದಿಷ್ಟು ಹೆಚ್ಚಿದ್ದಾರೋ ಅವರಿಗೆ ಎಲ್ಲ ಕುರ್ಚಿಯೂ ಸಿಗುತ್ತಿತ್ತು.

ಮೇರಿಲ್ಯಾಂಡಿನವರು ಇನ್ನೂ ಜಾಣರು. ರಾಜ್ಯವನ್ನು ಭಾಗ ಮಾಡಿದರು, ಒಂದೊಂದು ಭಾಗಕ್ಕೆ ಅಲ್ಲೇ ವಾಸವಾಗಿರುವ ಒಬ್ಬ ಪ್ರತಿನಿಧಿ ಎಂದು ಗೊತ್ತುಮಾಡಿದರು. ಕೇಳಲು ಎಷ್ಟು ಚೆಂದ. ಆದರೆ ಓಟು ಮಾತ್ರ ಇಡೀ ರಾಜ್ಯದವರು ಹಾಕುವುದು! ಬಾಲ್ಟಿಮೋರ್ ಪಟ್ಟಣದವರು ಒಗ್ಗಟ್ಟಾಗಿ ಹೊರಟರೆ, ದೂರದ ಬೆಟ್ಟದ ಸೀಮೆಯ ಪ್ರತಿನಿಧಿ ಯಾರೆಂದು ಪಟ್ಟಣವೇ ಹೇಳಬಹುದು. ಹಾಗೇ ಆಯಿತು ಕೂಡ.

ಇದನ್ನೆಲ್ಲ ಟೀಚರಿಗೂ ಗುರುರಾಜರಿಗೂ ಅಡುಗೆಮನೆಯ ಮೇಜಿನ ಮೇಲೆ ಶೇಂಗಾ ಮತ್ತು ಪುಟಾಣಿ ಇಟ್ಟು ತೋರಿಸಿದೆ. ಶೇಂಗಾದ ದೊಡ್ಡ ರಾಶಿ ಸೌತ್ ಬೇ, ಒಂದು ಹಿಡಿ ಪುಟಾಣಿ ನಾವು. ಏಳು ಬಟ್ಟಲಿಗೂ ಎಲ್ಲರೂ ಸುರಿದರೆ ಯಾವ ಬಟ್ಟಲಲ್ಲಿ ನೋಡಿದರೂ ಶೇಂಗಾ ಮೇಲೆ. ನಮ್ಮ ಬಟ್ಟಲು ಬೇರೆ ಇಟ್ಟು, ಅದಕ್ಕೆ ನಾವಷ್ಟೇ ಹಾಕಿದರೆ?

"ಹಂಗಂದ್ರೆ ನಮ್ಮೋರು ಯಾರು ಅಂತ ನಾವೇ ಹೇಳೋದು," ಎಂದರು ಟೀಚರ್, ನನ್ನ ಪುಟಾಣಿಯನ್ನು ಹುರಿಗಡಲೆ ಎನ್ನುತ್ತ ಒಂದಷ್ಟು ಬಾಯಿಗೆ ಹಾಕಿಕೊಂಡು. "ಇದರಲ್ಲಿ ಏನ್ರೀ ಕಷ್ಟ? ಕೇಳೋಣ."

ಕೇಳಿದೆವು. ಹಾಗೆಂದು ಕಮಿಟಿಗೆ ಬರೆದುಕೊಟ್ಟು, ನಮ್ಮ ಸೀಮೆಯಲ್ಲಿ ಕಾನ್‌ಕರ್ಡಿನಿಂದ ಡಬ್ಲಿನ್‌ವರೆಗಿನ ಊರುಗಳಲ್ಲಿ ಕನ್ನಡದವರ ಮನೆಮನೆಗೆ ಹೋದೆವು. ಕಾರು ಓಡಿಸಿದ್ದು ಗುರುರಾಜ, ಅದನ್ನು ಇಲ್ಲವೆನ್ನಲಾರೆ. ಮಳೆಯಲ್ಲಿ ನೆನೆಯುತ್ತ ಅವರೇ ಬಾಗಿಲು ತಟ್ಟಿ, "ನಮ್ಮ ಹುಡುಗ್ರ ಸಾಲಿ ಉಳೀಬೇಕ್ರಿ" ಎಂದು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಜನವರಿಯ ಕೊನೆಗೆ ಇಟ್ಟಿದ್ದ ಸಂಕ್ರಾಂತಿ ಹಬ್ಬದ ಸಭೆಗೆ ಮೊದಲು ಪ್ರಭಾಕರ್ ತಾವೇ ನಮ್ಮ ಮನೆಗೆ ಬಂದರು. ನಾನು ಮಾಡಿದ ಹಚ್ಚಿದ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದರು. "ಬಹಳ ಒಳ್ಳೆ ಐಡಿಯಾ ಮೇಡಂ. ಈಸ್ಟ್ ಬೇಗೆ ಒಂದು ಸೀಟು ಬೇಕೇ ಬೇಕು. ನಾನೇ ಸಭೇಲಿ ಓದ್ತೀನಿ" ಎಂದರು. ಹೊರಡುವಾಗ ಷೂ ಹಾಕಿಕೊಳ್ಳುತ್ತ, ಏನೋ ನೆನಪಾದವರಂತೆ, "ಆ ಟೀಚರ್ ಭಾಷೆ ಚೆನ್ನಾಗಿದೆ, ನೋ ಡೌಟು. ಆದ್ರೆ ಮಕ್ಕಳಿಗೆ ಭಾಷೆ ಜತೆ ಸ್ವಲ್ಪ ನಮ್ಮ ಕಲ್ಚರೂ ಬೇಕಲ್ವಾ? ಅದಕ್ಕೇ ಸೆಂಟ್ರಲ್ ಸ್ಕೂಲು ಅಂದಿದ್ದು" ಎಂದರು.

"ಸರ, ಪ್ರತಿ ವರ್ಷ ವಿಜಯದಶಮಿ ದಿನ ಹುಡುಗ್ರ ಕೈ ಹಿಡದು ಅಕ್ಕಿ ಮ್ಯಾಲೆ ಅಕ್ಷರ ಬರಸೂವಾಕಿ ಆಕಿನ. ಇನ್ನ ಯಾವ ಕಲ್ಚರ್ ಬೇಕಾಗೇದ ನಿಮಗ?" ಎಂದೆ ನಾನು. ಅವರು ದೊಡ್ಡದಾಗಿ ನಕ್ಕರು. ಗುರುರಾಜ ನನ್ನ ಕಡೆ ನೋಡಲಿಲ್ಲ, ಪ್ರಭಾಕರರ ಷೂ ಕಡೆ ನೋಡುತ್ತಿದ್ದರು.

ಇಲ್ಲಿ ನಮ್ಮ ಸಂಘದ ಒಂದು ಪದ್ಧತಿ ಹೇಳಬೇಕು. ಇದನ್ನು ಕಂಡುಹಿಡಿದವರಿಗೆ ಬಹುಮಾನ ಕೊಡಬೇಕು. ಸದಸ್ಯರ ಸಭೆಯನ್ನು, ಯಾವ ಹಬ್ಬದಲ್ಲೇ ಆಗಲಿ, ಮಕ್ಕಳ ಡ್ಯಾನ್ಸು ಮುಗಿದ ಮೇಲೆ, ಊಟಕ್ಕೆ ಮೊದಲು ಇಡುತ್ತಾರೆ. ಎಲ್ಲರ ಹೊಟ್ಟೆಯಲ್ಲಿ ಬೆಂಕಿ ಬಿದ್ದಿರುತ್ತದೆ. ಕೂಸುಗಳು ಅಳುತ್ತಿರುತ್ತವೆ. ಅಧ್ಯಕ್ಷರು ಠರಾವು ಓದಿ "ಎಲ್ಲರ ಒಪ್ಪಿಗೆ ಇದೆಯಲ್ಲ?" ಎನ್ನುತ್ತಾರೆ, ಅದೇ ಗಳಿಗೆಗೆ ಹಿಂದೆ ಟ್ರೇ ಬಿಚ್ಚುತ್ತಾರೆ, ಹಾಲಿಗೆ ಹಾಲೇ ಚಪ್ಪಾಳೆ ತಟ್ಟುತ್ತದೆ. ಅದು ಒಪ್ಪಿಗೆಯ ಚಪ್ಪಾಳೆಯೋ ಪುಳಿಯೋಗರೆಯ ಚಪ್ಪಾಳೆಯೋ ಎಂದು ಯಾರೂ ಕೇಳುವುದಿಲ್ಲ.

ಆ ದಿನ ಕೂಪರ್ಟಿನೋದ ಹಾಲಿನಲ್ಲಿ ಪ್ರಭಾಕರ್ ಮೈಕು ಹಿಡಿದು ಓದಿದರು: "ಈಸ್ಟ್ ಬೇ ನಿವಾಸಿಯೊಬ್ಬರಿಗೆ ಕಮಿಟಿಯಲ್ಲಿ ಒಂದು ಸ್ಥಾನವನ್ನು ಮೀಸಲಿಡತಕ್ಕದ್ದು. ಎಂದಿನಂತೆ ಎಲ್ಲ ಸದಸ್ಯರೂ ಮತ ಹಾಕತಕ್ಕದ್ದು."

ನಾವು ಬರೆದುಕೊಟ್ಟದ್ದು ಅದಲ್ಲ. ನಾನು ಎದ್ದು ನಿಂತೆ. "ಒಂದ್ ನಿಮಿಷ ಸರ. ಎಂದಿನಂತೆ ಅಂದ್ರೇನು? ಈಸ್ಟ್ ಬೇ ಸೀಟಿಗೆ ಈಸ್ಟ್ ಬೇಯವ್ರು ಓಟ್ ಹಾಕಬೇಕು ಅಂತ ನಾವು..."

ಸರಕ್ ಎಂದು ಟ್ರೇ ಬಿಚ್ಚಿತು. ಪುಳಿಯೋಗರೆ. "ಎಲ್ಲರ ಒಪ್ಪಿಗೆ ಇದೆಯಲ್ಲ?" ಚಪ್ಪಾಳೆ. ನನ್ನ ಮುಂದಿನ ಸಾಲಿನ ಹೆಂಗಸೊಬ್ಬರು ತಿರುಗಿ, ಮುಖದ ತುಂಬ ಕರುಣೆ ಇಟ್ಟುಕೊಂಡು, "ನೀವು ಕೇಳಿದ ಸೀಟು ಕೊಟ್ರಲ್ಲ ಮೇಡಂ, ಇನ್ನೇನು? ಊಟ ಆರುತ್ತೆ ಬನ್ನಿ" ಎಂದರು.

ಊಟದ ಸಾಲಿನಲ್ಲಿ ನಿಂತು ನಾನು ಟೀಚರಿಗೆ ಮೇರಿಲ್ಯಾಂಡಿನ ಕಥೆ ಮತ್ತೆ ಹೇಳಿದೆ. "ಈ ಬಟ್ಟಲದಾಗ ಪುಟಾಣಿನ ಇರಬೇಕು ಅಂತಾರ. ಆದ್ರ ಯಾವ ಪುಟಾಣಿ ಅಂತ ಹೇಳೂದು ಶೇಂಗಾ! ನಮಗ ಬೇಕಾದವ್ರನ್ನಲ್ಲ, ಅವರಿಗೆ ಬೇಕಾದವ್ರನ್ನ ನಮ್ಮ ಹೆಸರಿಲೆ ಕೂಡಸ್ತಾರ."

ಟೀಚರ್ ತಟ್ಟೆ ಹಿಡಿದುಕೊಂಡೇ ಯೋಚಿಸಿದರು. "ನೀವು ಜಾಸ್ತಿ ಓದ್ಬಿಟ್ಟಿದ್ದೀರಿ ಶಶಿಕಲಾ ಅವ್ರೇ. ಎಲ್ಲರೂ ಕನ್ನಡದೋರೇ ತಾನೇ? ಮಕ್ಕಳ ಶಾಲೆ ಅಂದ್ರೆ ಯಾರು ಬೇಡ ಅಂತಾರೆ? ಆ ಸೀಟಿಗೆ ನಾನೇ ನಿಲ್ತೀನಿ. ಹಾಕ್ತಾರೆ, ನೋಡಿ" ಎಂದರು.

ಆ ನಂಬಿಕೆಯ ಮುಂದೆ ನನ್ನ ಎಂ.ಎ. ಏನು ಮಾಡೀತು?  ಫೆಬ್ರುವರಿ ಪೂರ್ತಿ ಮಳೆ ಸುರಿಯಿತು. ಗುಡ್ಡಗಳು ಕಣ್ಣು ಕುಕ್ಕುವಷ್ಟು ಹಸಿರಾದವು. ಟೀಚರ್ ಸೌತ್ ಬೇಯ ಪರಿಚಯದವರಿಗೆಲ್ಲ ಫೋನು ಮಾಡಿದರು. ಎಲ್ಲರೂ "ಖಂಡಿತ ಟೀಚರ್" ಎಂದರು.

ಯುಗಾದಿಯ ದಿನ ಚುನಾವಣೆ. ಮನೆಯಲ್ಲಿ ಬೇವು ಬೆಲ್ಲ ತಿಂದು ಹೊರಟೆವು. ಫ್ರೀವೇಯಲ್ಲಿ ಸುನೋಲ್ ಗುಡ್ಡದ ಏರು ಹತ್ತುವಾಗ ಗುರುರಾಜ ರಸ್ತೆಯಿಂದ ಕಣ್ಣು ಕೀಳದೆ, "ಶಶಿ, ಒಂದ್ ಮಾತು. ಈಸ್ಟ್ ಬೇ ಸೀಟಿಗೆ ಅವರ ಪ್ಯಾನಲ್‌ನ್ಯಾಗ ನನ್ನ ಹೆಸರು ಹಾಕ್ಯಾರ" ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಾರು ನಿಲ್ಲಿಸಿ ಎಂದೆ. ಫ್ರೀವೇಯಲ್ಲಿ ಕಾರು ನಿಲ್ಲಿಸುವ ಹಾಗಿಲ್ಲ.

"ನೀವು ಹೂಂ ಅಂದ್ರೇನು?"

"ಆಫೀಸಿನ್ಯಾಗ ತಮ್ಮ ರೂಮಿಗೆ ಕರದು ಕೇಳಿದ್ರು. ಎದುರಿಗೆ ಕುಂಡರಿಸಿಕೊಂಡು. ನಮ್ಮ ಪೇಪರ್ಸ್ ಅವರ ಕೈಯಾಗ ಅವ. ಒಲ್ಲೆ ಅಂತ ಹ್ಯಾಂಗ ಅನ್ಲಿ?"

"ಟೀಚರ್ ನಿಂತಾರಲ್ಲ! ಅವರ ಎದುರು? ಮನಿಮನಿಗೆ ಹೋಗಿ ಬಾಗಿಲಾ ಬಡದವ್ರು ನೀವ ಹೌದಲ್ಲೋ?"

"ನಾ ಒಳಗ ಇದ್ರ ಸಾಲಿ ಉಳಸ್ತೇನಲ್ಲ, ಮತ್ತೇನು? ಯಾರ ಇದ್ರ ಏನು?"

ಹಿಂದಿನ ಸೀಟಿನಿಂದ ಅನಘಾ, "ಆರ್ ಯೂ ಗೈಸ್ ಫೈಟಿಂಗ್?" ಎಂದಳು. ಇಬ್ಬರೂ ಒಟ್ಟಿಗೆ "ಇಲ್ಲ" ಎಂದೆವು.

ನಾನು ಟೀಚರಿಗೆ ಓಟು ಹಾಕಿದೆ. ನಮ್ಮ ಕಡೆಯಿಂದ ಬಂದಿದ್ದವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಅವರಿಗೇ ಹಾಕಿದರು, ಕೈಯೆತ್ತಿ ಹಾಕುವ ಓಟು, ಕಣ್ಣಿಗೆ ಕಾಣುತ್ತಿತ್ತು. ಈಸ್ಟ್ ಬೇಯ ಸಾಲುಗಳಲ್ಲಿ ಗುರುರಾಜರಿಗೆ ಎದ್ದ ಕೈ ಅವರದೊಂದೇ. ಉಳಿದ ಹಾಲಿನಲ್ಲಿ ಕೈಗಳ ಕಾಡೇ ಎದ್ದಿತು. "ಖಂಡಿತ ಟೀಚರ್" ಎಂದ ಕೈಗಳೂ ಅದರಲ್ಲಿದ್ದವು. ನಾವು ಆರಿಸದ ನಮ್ಮ ಪ್ರತಿನಿಧಿ ನನ್ನ ಗಂಡನಾಗಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು.

ಟೀಚರ್ ನೇರವಾಗಿ ಅವರ ಬಳಿ ಬಂದರು. ಮುಖದಲ್ಲಿ ಒಂದಿಷ್ಟೂ ಕಸಿವಿಸಿ ಇರಲಿಲ್ಲ. "ಒಳ್ಳೇದೇ ಆಯ್ತು ಬಿಡಿ ಗುರುರಾಜ್ ಅವ್ರೇ, ಮನೆಯೋರೇ ಬಂದ್ರಲ್ಲ. ಜೂನ್‌ನಲ್ಲಿ ರೂಮಿನ ಲೆಟರ್ರು, ಮರೀಬೇಡಿ" ಎಂದರು. ಗುರುರಾಜ "ಮರೆಯಂಗಿಲ್ಲ ಟೀಚರ್" ಎಂದರು.

ಮರೆಯಲಿಲ್ಲ, ಅದನ್ನೂ ಹೇಳಬೇಕು. ಯುಗಾದಿಯ ಬೆನ್ನಿಗೇ ಷೇರುಪೇಟೆ ಕುಸಿಯಿತು. ಕಂಪನಿಯಲ್ಲಿ ಒಬ್ಬೊಬ್ಬರನ್ನೇ ಕರೆದು ಮನೆಗೆ ಕಳಿಸುತ್ತಿದ್ದರು. ಗುರುರಾಜ ಊಟ ಮಾಡುವಾಗಲೂ ಪೇಜರನ್ನು ತಟ್ಟೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಜೂನಿನಲ್ಲಿ ವಾಲ್ನಟ್ ಕ್ರೀಕಿನ ತರಗತಿಯ ತೀರ್ಮಾನಕ್ಕೆ ಪ್ರಭಾಕರರ ಮನೆಯಲ್ಲಿ ಕಮಿಟಿ ಸೇರಿತು. ಅಂದು ಗುರುರಾಜ ಮನೆಗೆ ಬಂದು ಕೈಕಾಲು ತೊಳೆದು, ದೇವರಿಗೆ ಕೈ ಮುಗಿದು, ಸೋಫಾದಲ್ಲಿ ಕೂತರು. ನಾನು ಕೇಳುವ ಮೊದಲೇ ತಾವೇ "ನಾ ಏನೂ ಅನ್ನಲಿಲ್ಲ ಶಶಿ. ಕೈ ಎತ್ತಲಿಲ್ಲ, ಬ್ಯಾಡ ಅಂತನೂ ಅನ್ನಲಿಲ್ಲ. ಸುಮ್ಮನ ಕೂತೆ" ಎಂದರು.

ಸುಮ್ಮನೆ ಕೂತದ್ದು ಸಾಕಾಗಿತ್ತು. ಮಾರನೆಯ ವಾರ ಎಲ್ಲ ಸದಸ್ಯರಿಗೂ ಇ-ಮೇಲ್ ಬಂತು: ಈಸ್ಟ್ ಬೇ ಪ್ರತಿನಿಧಿಯವರ ಒಪ್ಪಿಗೆಯೊಂದಿಗೆ ವಾಲ್ನಟ್ ಕ್ರೀಕ್ ತರಗತಿಯನ್ನು ಸೆಂಟ್ರಲ್ ಶಾಲೆಯಲ್ಲಿ ಸೇರಿಸಲಾಗಿದೆ.  ಸೀಟು ಇಲ್ಲದಿದ್ದಾಗ ನಮ್ಮನ್ನು ಯಾರೂ ಕೇಳಲಿಲ್ಲ ಎಂದು ಬೊಬ್ಬೆ ಹಾಕುವ ಹಕ್ಕಾದರೂ ನಮಗಿತ್ತು. ಸೀಟು ಕೊಟ್ಟು ಅದನ್ನೂ ಕಸಿದುಕೊಂಡರು. ಈಗ ಯಾರಿಗೆ ಫೋನು ಮಾಡಿದರೂ ಒಂದೇ ಉತ್ತರ: "ನಿಮ್ಮ ರೆಪ್ರೆಸೆಂಟೇಟಿವ್ವೇ ಒಪ್ಪಿದ್ದಾರಲ್ಲ ಮೇಡಂ. ನಿಮ್ಮನೆಯವರೇ ಅಲ್ವಾ?"

ಕೊನೆಯ ಭಾನುವಾರ ಗುಡ್ಡಗಳು ಆಗಲೇ ಒಣಗಿ ಗೋಧಿ ಬಣ್ಣಕ್ಕೆ ತಿರುಗಿದ್ದವು. ಗುರುರಾಜ ನಮ್ಮನ್ನು ಇಳಿಸಿ, ಒಳಗೆ ಬರದೆ, ಪಾರ್ಕಿಂಗ್ ಲಾಟಿನಲ್ಲೇ ಕಾರಿನೊಳಗೆ ಕೂತರು. ಟೀಚರ್ ಅಕ್ಷರ ಬರೆಸಲಿಲ್ಲ. ಪೂರ್ತಿ ಹೊತ್ತು ಸಂತೆಯೇ. ಮುಗಿದ ಮೇಲೆ ಮಕ್ಕಳಿಗೆ ಅವರವರ ಅಂಗಡಿಯ ತರಕಾರಿ ಮನೆಗೆ ಒಯ್ಯಲು ಹೇಳಿದರು. ಅನಘಾ ಎರಡು ಕೈಯಲ್ಲೂ ಮೂಲಂಗಿ ಹಿಡಿದುಕೊಂಡು ಬಾಗಿಲ ಬಳಿ ತಿರುಗಿ, "ಸೀ ಯೂ ನೆಕ್ಸ್ಟ್ ಸಂಡೇ, ಟೀಚರ್!" ಎಂದು ಕೂಗಿದಳು.

ಟೀಚರ್ ಆಟದಲ್ಲಿ ಮಾಡುವ ಹಾಗೇ ಕೈ ಆಡಿಸಿ, "ನಮ್ಮಲ್ಲಿ ಅದು ಸಿಗಲ್ಲ" ಎಂದರು.

ಅನಘಾ ಆಟವೆಂದು ತಿಳಿದು ಕಿಲಕಿಲ ನಕ್ಕಳು. ನಾನು ಮೇಜು ಒರೆಸುತ್ತಿದ್ದೆ. ಟೀಚರ್ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ತಾವೇ ಒರೆಸತೊಡಗಿದರು. ಒರೆಸುತ್ತಲೇ, "ನಿಮ್ಮ ಮೇರಿಲ್ಯಾಂಡಿನೋರು ಆಮೇಲೆ ಏನ್ಮಾಡಿದ್ರು ಶಶಿಕಲಾ ಅವ್ರೇ?" ಎಂದು ಕೇಳಿದರು.

"ಆಮ್ಯಾಲೆ ಕಾಯ್ದೆ ಬದಲಿ ಮಾಡಿದ್ರು. ಅವರವರ ಭಾಗಕ್ಕ ಅವರವರ ಓಟು ಅಂತ ಆತು."

"ಅವರಿಗೇನು, ರಾಜ್ಯ. ಕಾಯುತ್ತೆ," ಎಂದರು ಟೀಚರ್. "ಮಕ್ಕಳು ಬೆಳೆದುಬಿಡ್ತಾರಲ್ಲ."

ನನ್ನ ಮೇಲಾಗಲಿ, ಗುರುರಾಜರ ಮೇಲಾಗಲಿ ಅವರು ಒಂದು ಕಟುವಾದ ಮಾತು ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಹೊರಗೆ ಕಾರಿನ ಬಳಿ ಹೋಗಿ ಗುರುರಾಜರಿಗೆ ಒಂದು ಚೀಲ ನಿಂಬೆಹಣ್ಣು ಕೊಟ್ಟರು. ಅವರು ಇಳಿದು ಎರಡೂ ಕೈಯಲ್ಲಿ ಇಸಿದುಕೊಂಡರು.

ಕಂಪನಿ ಮುಂದಿನ ಚಳಿಗಾಲಕ್ಕೆ ಮುಚ್ಚಿತು. ನಮ್ಮ ಅರ್ಜಿಯೂ ಅದರ ಜತೆ ಮುಳುಗಿತು, ಗ್ರೀನ್ ಕಾರ್ಡು ಬಂದದ್ದು ಬಹಳ ವರ್ಷಗಳ ಮೇಲೆ, ಬೇರೆ ಕಂಪನಿಯಿಂದ. ಯಾವುದಕ್ಕೆಂದು ಬಾಯಿ ಮುಚ್ಚಿಕೊಂಡರೋ ಅದೂ ಸಿಗಲಿಲ್ಲ. ಸನಿವೇಲಿನ ಸೆಂಟ್ರಲ್ ಶಾಲೆಗೆ ನಮ್ಮ ಕಡೆಯ ಮಕ್ಕಳು ಒಂದೆರಡು ಭಾನುವಾರ ಹೋಗಿ ಬಿಟ್ಟರು. ಟೀಚರ್ ಗಂಡನ ಕೆಲಸದ ಜತೆ ಸ್ಯಾನ್ ಡಿಯಾಗೋಗೆ ಹೋದರು. ಹಬ್ಬಕ್ಕೆ ಫೋನು ಮಾಡುತ್ತಾರೆ, ಅನಘಾಳ ಬಗ್ಗೆ ಕೇಳುತ್ತಾರೆ. ಅನಘಾ ಈಗ ದೊಡ್ಡ ಕೆಲಸದಲ್ಲಿದ್ದಾಳೆ. ನಾನು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾವು ಎವರ್‌ಗ್ರೀನಿನಲ್ಲಿ ಮನೆ ಕೊಂಡೆವು. ಈಗ ನಾವೂ ಸೌತ್ ಬೇಯವರೇ, ಶೇಂಗಾ ರಾಶಿಯಲ್ಲಿ ಸೇರಿಹೋದೆವು. ಈಸ್ಟ್ ಬೇ ಸೀಟಿಗೆ ಪ್ರತಿ ವರ್ಷ ನನಗೂ ಒಂದು ಓಟಿದೆ. ನಾನು ಇದುವರೆಗೆ ಹಾಕಿಲ್ಲ.

ಈ ಸಲ ಎದ್ದು ಟ್ರೇಗಳ ಬಳಿ ಹೋದೆ ಎಂದೆನಲ್ಲ. ಹೋಗಿ, ಬಡಿಸಲು ನಿಂತಿದ್ದವರ ಕೈಯಿಂದ ಹಾಳೆ ಕಿತ್ತುಕೊಂಡು ಪುಳಿಯೋಗರೆಯ ಮೇಲೆ ಮತ್ತೆ ಮುಚ್ಚಿದೆ. ಮುಚ್ಚಿ, ಅದರ ಮೇಲೆ ಎರಡೂ ಕೈ ಊರಿ ನಿಂತೆ. "ಆ ಹುಡುಗಿ ಏನೋ ಕೇಳ್ಯಾಳ. ಅದಕ್ಕ ಉತ್ತರಾ ಹೇಳ್ರಿ ಮೊದ್ಲ. ಊಟ ಆಮ್ಯಾಲೆ," ಎಂದೆ. ನನ್ನ ದನಿ ಹಾಲಿನ ಆಚೆ ಗೋಡೆಗೆ ಬಡಿದು ಬಂತು. ಒಂದು ಕೂಸಿನ ಅಳುವೂ ನಿಂತಿತು. ವಾಲ್ನಟ್ ಕ್ರೀಕಿನ ಹುಡುಗಿ ನನ್ನ ಕಡೆ ತಿರುಗಿ ನೋಡಿದಳು. ಆ ವಯಸ್ಸಿನಲ್ಲಿ ನನ್ನ ಮಾತಿಗೆ ಯಾರಾದರೂ ಹೀಗೆ ನಿಂತಿದ್ದರೆ ನಾನೂ ಹಾಗೇ ನೋಡುತ್ತಿದ್ದೆ.

ಈಗಿನ ಅಧ್ಯಕ್ಷರು ಚಿಕ್ಕ ವಯಸ್ಸಿನವರು, ಸಭ್ಯರು, ಹಳೆಯದು ಯಾವುದೂ ಅವರಿಗೆ ಗೊತ್ತಿಲ್ಲ. ಮೈಕಿನಲ್ಲಿ ವಿನಯದಿಂದಲೇ ಹೇಳಿದರು. "ಒಳ್ಳೆ ಪ್ರಶ್ನೆ ಮೇಡಂ. ಆದ್ರೆ ಈ ಸಿಸ್ಟಮ್ಮು ಈಸ್ಟ್ ಬೇಯವರೇ ಕೇಳಿ ಪಡೆದಿದ್ದು. ಮೊಟ್ಟಮೊದಲ ಈಸ್ಟ್ ಬೇ ಪ್ರತಿನಿಧಿ ಇವತ್ತು ನಮ್ಮ ಜೊತೇಲೇ ಇದ್ದಾರೆ. ಗುರುರಾಜ್ ಸರ್, ಒಂದು ಸಲ ಎದ್ದು ನಿಲ್ತೀರಾ? ದಯವಿಟ್ಟು ಎಲ್ಲರೂ ಚಪ್ಪಾಳೆ."

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಗುರುರಾಜ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೈ ಮುಗಿದರು. ಆ ಹುಡುಗಿ ಕುರ್ಚಿಯಲ್ಲಿ ಕೂತಳು. ಜನ ತಟ್ಟೆ ಹಿಡಿದು ನನ್ನ ಮುಂದೆ ಸಾಲು ನಿಂತಿದ್ದರು, ನಾನು ಹಾಳೆ ತೆಗೆದೆ.